ಬಣ್ಣದ ಪಂಪೂ ತೊಗಲಿನ ವಾಶರೂ

ನಾಸಿಕದ ಕನ್ನಡಿಗರನ್ನು ‘ಈ ಊರಿಗೆ ಹೇಗೆ ಬಂದಿರಿ?’ ಎಂದು ಕೇಳಿದರೆ ಉತ್ತರದಲ್ಲಿ ಬಹಳ ಸಲ ಒಂದು ಕಾರಖಾನೆಯ ಹೆಸರು ಬಂದೇ ಬರುತ್ತದೆ. ನಮ್ಮ ಬೆಂಗಳೂರಿನ ಎಚ್.ಎ.ಎಲ್. 1964ರಲ್ಲಿ ಓಝರಿನಲ್ಲಿ ಮಿಗ್ ವಿಮಾನಗಳ ಕೆಲಸಕ್ಕೆ ನೆಲೆ ಹಾಕಿತು. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಮುಂದೆ ಸಾತಪುರಕ್ಕೂ ಬಂತು. ಅತ್ತ ಔರಂಗಾಬಾದಿನ (2023ರಿಂದ ಅದು ಛತ್ರಪತಿ ಸಂಭಾಜಿನಗರ) ಹತ್ತಿರದ ವಾಳೂಜದಲ್ಲಿ 1985ರಲ್ಲಿ ಬಜಾಜ್ ಕಾರಖಾನೆ ಎದ್ದಿತು. ವಿಮಾನವಿರಲಿ, ದ್ವಿಚಕ್ರಿಯಿರಲಿ, ಅದರ ಮೈಗೆ ಬಣ್ಣ ಹತ್ತುವುದು ಬ್ರಶ್ಶಿನಿಂದಲ್ಲ, ಸಿಂಪಡಣೆಯಿಂದ. ಆ ಸಿಂಪಡಣೆಯ ಚರಿತ್ರೆಯನ್ನು ನಾವು ಇಲ್ಲಿ ಕಂಡುಹಿಡಿದವರ ಕಡೆಯಿಂದಷ್ಟೇ ಅಲ್ಲ, ಸವೆದ ಭಾಗಗಳ ಕಡೆಯಿಂದಲೂ ನೋಡುವವರಿದ್ದೇವೆ.

ಮೊದಲ ಬಣ್ಣದ ಪಂಪಿನ ಮಾತು ಬಂದಾಗ ಜೋಸೆಫ್ ಬಿಂಕ್ಸ್ ಎಂಬವನ ಹೆಸರು ಕೇಳಿಬರುತ್ತದೆ. 1880ರ ದಶಕದ ಕೊನೆಯಲ್ಲಿ ಅವನು ಶಿಕಾಗೋದ ಮಾರ್ಷಲ್ ಫೀಲ್ಡ್ ಎಂಬ ಭಾರಿ ಅಂಗಡಿಯಲ್ಲಿ ಕಟ್ಟಡದ ಉಸ್ತುವಾರಿ ಮಾಡುತ್ತಿದ್ದ. ನೆಲಮಾಳಿಗೆಯ ಗೋಡೆಗಳಿಗೆಲ್ಲ ಸುಣ್ಣ ಬಳಿಯಬೇಕಾಗಿತ್ತು. ಬ್ರಶ್ಶು ಹಿಡಿದರೆ ಮುಗಿಯದ ಕೆಲಸವೆಂದು ಕೈಪಂಪಿಗೆ ಕೊಳವೆ ಜೋಡಿಸಿ ಸುಣ್ಣದ ನೀರನ್ನೇ ಚಿಮ್ಮಿಸಿದ. 1893ರಲ್ಲಿ ಅದೇ ಊರಿನ ವಿಶ್ವಪ್ರದರ್ಶನದ ಭವನಗಳನ್ನು ಬೆಳ್ಳಗೆ ಮಾಡುವಾಗಲೂ ಸಿಂಪಡಣೆಯೇ ಕೈಹಿಡಿಯಿತು.

ಹೆಚ್ಚು ಕಡಿಮೆ ಇದೇ ಕಾಲಕ್ಕೆ ಇಂಥ ಪಂಪು ತೋಟಕ್ಕೂ ಇಳಿಯಿತು. 1885ರಲ್ಲಿ ಫ್ರಾನ್ಸಿನ ಮಿಲ್ಲಾರ್ಡೆ ದ್ರಾಕ್ಷಿಯ ರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಪ್ರಕಟಿಸಿದ. 1908ರಲ್ಲಿ ಮೈಸೂರು ಸರಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಹಚ್ಚಿದರು. ಇಂದು ನಾಸಿಕದ ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುವುದನ್ನು ಕಂಡ ಶಿರಸಿ-ಸಾಗರದ ಕಡೆಯವರಿಗೆ ತವರಿನ ನೆನಪಾದರೆ ಆಶ್ಚರ್ಯವಿಲ್ಲ.

ಸುಣ್ಣವಾಗಲಿ, ಔಷಧವಾಗಲಿ, ಆ ಕೈಪಂಪುಗಳ ಜೀವವಿದ್ದದ್ದು ಬಟ್ಟಲಿನಾಕಾರದ ಒಂದು ತೊಗಲಿನ ವಾಶರಿನಲ್ಲಿ. ದಂಡವನ್ನು ಒತ್ತಿದಾಗ ತೊಗಲಿನ ಅಂಚು ಅರಳಿ ಸಿಲಿಂಡರಿನ ಗೋಡೆಗೆ ಅಂಟುತ್ತದೆ, ಒತ್ತಡ ಹಿಂದಕ್ಕೆ ಸೋರುವುದಿಲ್ಲ. ಒಣಗಿದರೆ ಅದು ಸೆಟೆದುಕೊಳ್ಳುತ್ತದೆ, ಸುಣ್ಣದ ಹರಳು ಸಿಕ್ಕರೆ ಗೀರುಬೀಳುತ್ತದೆ. ಆದ್ದರಿಂದ ಎಣ್ಣೆಯಲ್ಲಿ ನೆನೆಸಿದ ತೊಗಲಿನ ತುಂಡು ಯಂತ್ರದ ಜೊತೆಗೇ ಪ್ರಯಾಣ ಮಾಡುತ್ತಿತ್ತು.

ಮುಂದಿನ ಹೆಜ್ಜೆ ವೈದ್ಯರೊಬ್ಬರ ಮನೆಯಿಂದ ಬಂತು. ಅಮೆರಿಕದ ಟೊಲೇಡೊ ಊರಿನ ಡಾ. ಡಿವಿಲ್‌ಬಿಸ್ ಗಂಟಲಿಗೆ ಔಷಧ ಸಿಂಪಡಿಸುವ ಸಾಧನ ಮಾಡಿದ್ದರು. ಅವರ ಮಗ 1907ರ ಹೊತ್ತಿಗೆ ಅದೇ ತತ್ತ್ವದ ಮೇಲೆ ಬಣ್ಣದ ಗನ್ನು ಮಾಡಿದ. 1923ರಲ್ಲಿ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ ಬಂದ ಮೇಲಂತೂ ವಾರಗಟ್ಟಲೆ ಹಿಡಿಯುತ್ತಿದ್ದ ಮೋಟಾರಿನ ಬಣ್ಣದ ಕೆಲಸ ಗಂಟೆಗಳಿಗೆ ಇಳಿಯಿತು. ಗಾಳಿಯ ನೆರವಿಲ್ಲದೆ ಬಣ್ಣವನ್ನೇ ಒತ್ತಿ ಚಿಮ್ಮಿಸುವ ಏರ್‌ಲೆಸ್ ಪಂಪು 1950ರ ದಶಕದ ಕೊನೆಗೆ ಕಟ್ಟಡದ ಕೆಲಸಕ್ಕೂ ಬರತೊಡಗಿತು. ಕೈಯ ಜಾಗಕ್ಕೆ ಮೋಟಾರು ಬಂದಾಗ ಸವೆತವೂ ತೊಗಲಿನಿಂದ ಉಕ್ಕಿಗೆ ಹಬ್ಬಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೋಟಾರು ವೇಗವಾಗಿ ತಿರುಗುತ್ತದೆ. ಗೇರುಗಳು ವೇಗ ಇಳಿಸಿ ಬಲ ಏರಿಸುತ್ತವೆ. ಕ್ರ್ಯಾಂಕು ಆ ತಿರುಗಾಟವನ್ನು ಮೇಲೆ-ಕೆಳಗಿನ ಓಡಾಟವಾಗಿಸುತ್ತದೆ, ಕನೆಕ್ಟಿಂಗ್ ರಾಡು ಅದನ್ನು ಪಂಪಿನ ದಂಡಕ್ಕೆ ಮುಟ್ಟಿಸುತ್ತದೆ. ದಂಡದ ಸುತ್ತಲಿನ ಪ್ಯಾಕಿಂಗು ಹಳೆಯ ತೊಗಲಿನ ವಾಶರಿನ ಮೊಮ್ಮಗನೆನ್ನಬಹುದು. ಅದು ಸವೆದರೆ ಬಣ್ಣ ಮೇಲಕ್ಕೆ ಜಿನುಗಿ ರಾಡಿನ ಕೀಲಿನಲ್ಲಿ ಗಟ್ಟಿಯಾಗುತ್ತದೆ. ಕೀಲಿನ ತೂತು ಅಂಡಾಕಾರಕ್ಕೆ ತಿರುಗುತ್ತದೆ, ಪಂಪು ಟಕ್ ಟಕ್ ಎನ್ನತೊಡಗುತ್ತದೆ, ಆ ಪೆಟ್ಟು ಗೇರಿನ ಹಲ್ಲಿಗೆ ಬೀಳುತ್ತದೆ. ಗುತ್ತಿಗೆದಾರ ಮುರಿದ ಗೇರನ್ನಷ್ಟೇ ಹಾಕಿಸಿ ದುಡ್ಡು ಉಳಿಸಿದೆನೆಂದುಕೊಳ್ಳುತ್ತಾನೆ. ಸವೆದ ಕೀಲು ಹೊಸ ಗೇರನ್ನೂ ಬೇಗ ತಿಂದುಹಾಕುತ್ತದೆ. ದೀಪಾವಳಿಯ ಮುಂಚೆ ಪಂಪು ನಿಂತರೆ ಅವನ ಲೆಕ್ಕ ಹಾಗಿರಲಿ, ದಿನಗೂಲಿಯ ಪೇಂಟರನಿಗೆ ಆ ದಿನದ ಕೂಲಿಯೇ ಇಲ್ಲ. ಗುಮಾಸ್ತಿಕೆಯ ನಮಗೆ ಕುರ್ಚಿಯ ಕಾಲು ಮುರಿದರೂ ಸಂಬಳ ಬರುತ್ತದೆ!

ಹಣಕ್ಕಿಂತ ದೊಡ್ಡ ಅಪಾಯವೂ ಇಲ್ಲಿದೆ. ಸ್ಕೂಟರಿನ ಟಯರಿನಲ್ಲಿ ಚದರ ಅಂಗುಲಕ್ಕೆ ಸುಮಾರು 30 ಪೌಂಡು ಒತ್ತಡವಿದ್ದರೆ ಈ ಪಂಪಿನಲ್ಲಿ 3000ದ ಆಸುಪಾಸು. ಬೆರಳಿಗೆ ತಾಗಿದರೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ. ಒಳಗೆ ಮಾತ್ರ ಬಣ್ಣ ಹರಡಿರುತ್ತದೆ. ಅರಿಸಿನ ಹಚ್ಚಿ ಕೂರದೆ ತಕ್ಷಣ ಶಸ್ತ್ರಕ್ರಿಯೆಯ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೇ ಹೋದೀತು. ಪಂಪು ಬಿಚ್ಚುವ ಮುನ್ನ ಮೋಟಾರು ನಿಲ್ಲಿಸಿ, ವಿದ್ಯುತ್ತಿನ ತಂತಿ ಕಿತ್ತು, ಗನ್ನನ್ನು ಬಕೆಟ್ಟಿನೊಳಗೆ ಒತ್ತಿ, ಒತ್ತಡ ಇಳಿಸುವ ಕವಾಟ ತೆರೆಯುವುದು ಇದಕ್ಕಾಗಿಯೇ.

ಬಿಚ್ಚಿದ ಮೇಲೆ ಬಲ್ಲ ಮಿಸ್ತ್ರಿ ಮೊದಲು ದಂಡದ ಮೇಲೆ ಉಗುರು ಎಳೆದು ನೋಡುತ್ತಾನೆ. ಗೀರು ಉಗುರಿಗೆ ಸಿಕ್ಕಿತೋ, ದಂಡವನ್ನೂ ಬದಲಿಸಬೇಕು, ಇಲ್ಲವಾದರೆ ಹೊಸ ಪ್ಯಾಕಿಂಗನ್ನು ಅದು ಕೊಯ್ಯುತ್ತದೆ. ಮೇಲಿನ ಮತ್ತು ಕೆಳಗಿನ ಪ್ಯಾಕಿಂಗುಗಳನ್ನು ಒಟ್ಟಿಗೇ ಹಾಕುತ್ತಾನೆ, ಗೇರಿನ ಹಳೆಯ ಗ್ರೀಸನ್ನು ಒರೆಸಿ ಹೊಸದು ತುಂಬುತ್ತಾನೆ. ಅಂಗಡಿಗೆ ಹೋಗುವಾಗ ಸವೆದ ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಬಾಯಿಮಾತಿನ ಅಳತೆಗಿಂತ ಅಂಗಡಿಯವನಿಗೆ ಆ ತುಂಡೇ ಹೆಚ್ಚು ತಿಳಿಸುತ್ತದೆ.