ಉಪ್ಪಿನಕಾಯಿ ಭರಣಿಯಿಂದ ಪ್ರಯೋಗಾಲಯಕ್ಕೆ ಹೋದ ಬೇರು

ಇಲ್ಲಿನ ಚಳಿಗೆ ಸತ್ತುಹೋಗದಿರಲೆಂದು ದೊಡ್ಡಪತ್ರೆಯ ಕುಂಡವನ್ನು ಮನೆಯೊಳಗೆ ತಂದಿಟ್ಟುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ಮಕ್ಕಳಿಗೆ ಕೆಮ್ಮು ಬಂದರೆ ಎಲೆಯ ರಸ, ಇಲ್ಲವಾದರೆ ತಂಬುಳಿ. ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲವೂ ಒಂದೇ ಕುಟುಂಬದವು. ಪುದೀನದ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿ ನೋಡಿ, ದುಂಡಗಿರುವುದಿಲ್ಲ, ಚೌಕವಾಗಿರುತ್ತದೆ. ಇವತ್ತು ಹೇಳಹೊರಟಿರುವುದು ದೊಡ್ಡಪತ್ರೆಯ ಹತ್ತಿರದ ನೆಂಟ ಮಾಕಂದಿ ಬೇರಿನ ಕಥೆ.

ಇದರ ದಪ್ಪ ಬೇರನ್ನು ಕರ್ನಾಟಕದಲ್ಲೂ ಗುಜರಾತಿನಲ್ಲೂ ಉಪ್ಪಿನಕಾಯಿ ಹಾಕುತ್ತಾರೆ. ಪುಸ್ತಕಗಳಲ್ಲಿ ಇದು ಕೋಲಿಯಸ್ ಫೋರ್ಸ್ಕೋಲಿ. ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್ಕಾಲ್‌ನ ನೆನಪಿಗೆ ಬಂದ ಹೆಸರು. ಡೆನ್ಮಾರ್ಕಿನ ದೊರೆ ಕಳಿಸಿದ ತಂಡದ ಜೊತೆ ಅರೇಬಿಯಾಕ್ಕೆ ಹೋದ ಆತ 1763ರಲ್ಲಿ ಯೆಮನ್‌ನಲ್ಲಿ ತೀರಿಕೊಂಡ, 31 ವರ್ಷಕ್ಕೇ.

ನಮ್ಮ ಕಥೆಗೆ ಮುಖ್ಯವಾದ ಕಾಲ 1970ರ ದಶಕ. ಮುಂಬಯಿಯ ಹೆಕ್ಸ್ಟ್ ಸಂಶೋಧನಾ ಕೇಂದ್ರದವರು ಭಾರತದ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಬಂದಾಗ, ಈ ಬೇರಿನ ಸಾರಕ್ಕೆ ರಕ್ತದೊತ್ತಡ ಇಳಿಸುವ ಗುಣ ಕಂಡಿತು. ಅದರಿಂದ ಬೇರ್ಪಡಿಸಿದ ವಸ್ತುವೇ ಫೋರ್ಸ್ಕೋಲಿನ್. ಅದೇ ಕಾಲಕ್ಕೆ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರೂ ಇದೇ ಬೇರಿನಿಂದ ಒಂದನ್ನು ತೆಗೆದು ಕೋಲಿಯೊನಾಲ್ ಎಂದು ಕರೆದಿದ್ದರು. ಎರಡೂ ಒಂದೇ ಎಂದು ಗೊತ್ತಾದದ್ದು ಆಮೇಲೆ. ಜಗತ್ತು ಉಳಿಸಿಕೊಂಡದ್ದು ಮುಂಬಯಿಯ ಹೆಸರನ್ನು.

ನಿಜವಾದ ಸೋಜಿಗ ಹೊರಬಿದ್ದದ್ದು 1981ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ. ಅಡ್ರಿನಲಿನ್‌ನಂಥ ಹಾರ್ಮೋನು ಜೀವಕೋಶದೊಳಗೆ ಹೋಗುವುದಿಲ್ಲ. ಅದು ಬಾಗಿಲು ತಟ್ಟುತ್ತದೆ, ಆಗ ಒಳಗಡೆ ಒಂದು ಕಿಣ್ವ ಎಚ್ಚೆತ್ತು ಸೈಕ್ಲಿಕ್ ಎಎಂಪಿ ಎಂಬ ಸುದ್ದಿಗಾರನನ್ನು ತಯಾರಿಸುತ್ತದೆ. ಫೋರ್ಸ್ಕೋಲಿನ್‌ಗೆ ಬಾಗಿಲು ತಟ್ಟುವ ಗೊಡವೆಯಿಲ್ಲ, ನೇರವಾಗಿ ಆ ಕಿಣ್ವವನ್ನೇ ಎಬ್ಬಿಸುತ್ತದೆ! ಸೀಮನ್, ಡೇಲಿ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟ ಮೇಲೆ, ಜೀವಕೋಶಗಳನ್ನು ಅಭ್ಯಾಸ ಮಾಡುವ ಪ್ರಯೋಗಾಲಯಗಳಿಗೆ ಇದು ದಿನಬಳಕೆಯ ಸಾಮಾನಾಯಿತು. ಇದರಿಂದ ರೂಪಿಸಿದ, ನೀರಿನಲ್ಲಿ ಕರಗುವ ಕೋಲ್ಫೋರ್ಸಿನ್ ಡಾರೋಪೇಟ್ ಎಂಬ ಔಷಧವನ್ನು ಜಪಾನಿನಲ್ಲಿ ತೀವ್ರ ಹೃದಯವೈಫಲ್ಯಕ್ಕೆ ಬಳಸಿದ್ದಾರೆ.

ಇಷ್ಟೆಲ್ಲ ಆದರೂ, ನಿಮ್ಮ ಪಕ್ಕದ ಅಂಗಡಿಯಲ್ಲಿ ಫೋರ್ಸ್ಕೋಲಿನ್ ಸಿಗುವುದು ತೂಕ ಇಳಿಸುವ ಮಾತ್ರೆಗಳ ಸಾಲಿನಲ್ಲಿ. ನನಗೆ ಬೇಸರ ತರಿಸುವುದು ಇದೇ. ತೂಕದ ಬಗ್ಗೆ ನಡೆದಿರುವ ಪರೀಕ್ಷೆಗಳು ತೀರ ಚಿಕ್ಕವು, ಅವುಗಳಲ್ಲೂ ಹೇಳಿಕೊಳ್ಳುವಂಥ ಫಲ ಕಂಡಿಲ್ಲ. ರಕ್ತದೊತ್ತಡಕ್ಕೋ ರಕ್ತ ತೆಳುವಾಗಲೆಂದೋ ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳದೆ ಆ ಸೀಸೆ ಮುಟ್ಟಬೇಡಿ.

ಉಪ್ಪಿನಕಾಯಿಯ ಮಾತು ಬೇರೆ. ಊರಿಗೆ ಹೋದಾಗ ಕೇಳಿ ನೋಡಿ. ಆದರೆ ಮಾಕಳಿ ಬೇರು ಎಂದು ಕೊಟ್ಟರೆ ಅದು ಇದಲ್ಲ. ಅದೊಂದು ಕಾಡುಬಳ್ಳಿಯ ಬೇರು, ಅದಕ್ಕೂ ಪುದೀನದ ಮನೆತನಕ್ಕೂ ನಂಟಿಲ್ಲ. ರುಚಿ ಮಾತ್ರ ಬಲು ಚೆನ್ನ.