ಕಲ್ಲಿದ್ದಲು ತುಂಬುವಷ್ಟು ಹೊತ್ತಿನ ಊರು

ಮುಂಬಯಿಯಿಂದ ಹೊರಟ ಉಗಿಹಡಗು ಐದಾರು ದಿನ ಅರಬ್ಬೀ ಸಮುದ್ರದಲ್ಲಿ ಸಾಗಿದ ಮೇಲೆ ನಿಲ್ಲುತ್ತಿದ್ದ ಮೊದಲ ಬಂದರು ಏಡನ್. ಹಸಿರಿನ ಸುಳಿವೇ ಇಲ್ಲದ ಕರಿಬಂಡೆಯ ಬೆಟ್ಟ, ಅದರ ಬುಡದಲ್ಲಿ ಹಡಗುಕಟ್ಟೆ. ಹಡಗಿಗೆ ಕಲ್ಲಿದ್ದಲು ತುಂಬುವಷ್ಟು ಹೊತ್ತು, ಅಂದರೆ ಕೆಲವೇ ತಾಸು, ಪ್ರಯಾಣಿಕರಿಗೆ ಬಿಡುವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ವಿಲಾಯಿತಿಗೆ ಹೊರಟ ವಿದ್ಯಾರ್ಥಿಗಳು, ವಕೀಲರು, ರಾಜಮಹಾರಾಜರು ಬಹುಪಾಲು ಈ ಊರನ್ನು ಹೀಗೆ ಅವಸರದಲ್ಲೇ ಕಂಡವರು. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೊರಟಿದ್ದ ಗಾಂಧೀಜಿ ಕೂಡ ಇಲ್ಲಿ ಸನ್ಮಾನ ಸ್ವೀಕರಿಸಿ ಪ್ರಯಾಣ ಮುಂದುವರಿಸಿದರು.

ಇಳಿದವರಿಗೆ ಊರು ಪೂರ್ತಿ ಪರದೇಶ ಎನಿಸುತ್ತಿರಲಿಲ್ಲ. 1839ರಲ್ಲಿ ಬ್ರಿಟಿಷರ ವಶವಾದ ಏಡನ್ 1932ರವರೆಗೂ ಮುಂಬಯಿ ಸರ್ಕಾರದ ಆಡಳಿತದಲ್ಲಿತ್ತು. ಅಂಗಡಿಗಳಲ್ಲಿ ಚಲಾವಣೆಯಾಗುತ್ತಿದ್ದುದು ನಮ್ಮದೇ ರೂಪಾಯಿ. ಪಾರ್ಸಿ, ಗುಜರಾತಿ ವರ್ತಕರು ಅಲ್ಲಿ ನೆಲೆಯೂರಿದ್ದರು. ಮನೆಗೆ ಹಾಕುವ ಕಾಗದಕ್ಕೆ ಭಾರತದ ಅಂಚೆಚೀಟಿಯನ್ನೇ ಅಂಟಿಸಿದರೆ ಸಾಕಿತ್ತು.

ಹಡಗು ನಿಲ್ಲುತ್ತಿದ್ದುದು ಸ್ಟೀಮರ್ ಪಾಯಿಂಟಿನಲ್ಲಿ. ಹಳೆಯ ಊರು ಇರುವುದು ಅಲ್ಲಿಂದ ಸುಮಾರು 5 ಮೈಲಿ ದೂರದಲ್ಲಿ, ಆರಿಹೋದ ಜ್ವಾಲಾಮುಖಿಯ ಬಾಯೊಳಗೆ. ಅದಕ್ಕೆ ‘ಕ್ರೇಟರ್’ ಎಂದೇ ಹೆಸರು. ಮಾಲ್ಲಾ ಎಂಬ ಬಡಾವಣೆ ಹಾದು, ಬೆಟ್ಟ ಕಡಿದು ಮಾಡಿದ ಕಣಿವೆದಾರಿಯಲ್ಲಿ ಹೋಗಬೇಕು. ನಡೆಯಬಲ್ಲವರು ನಡೆದರು, ಬಿಸಿಲಿಗೆ ಅಂಜಿದವರು ಕುದುರೆಗಾಡಿ ಹಿಡಿದರು. ಕ್ರೇಟರ್‌ನಲ್ಲಿ ಎಲ್ಲರೂ ನೋಡಲು ಹೋಗುತ್ತಿದ್ದುದು ಒಂದನ್ನೇ: ಪುರಾತನ ನೀರಿನ ತೊಟ್ಟಿಗಳು.

ಜ್ವಾಲಾಮುಖಿಯ ಕಡಿದಾದ ಗೋಡೆಯ ಮೇಲೆ ಬಿದ್ದ ಮಳೆ ಒಂದೇ ಹನಿಯೂ ಪೋಲಾಗದಂತೆ ಒಂದರಿಂದ ಇನ್ನೊಂದಕ್ಕೆ ಇಳಿಯಲೆಂದು ಬಂಡೆ ಕೊರೆದು, ಗಾರೆ ಬಳಿದು ಕಟ್ಟಿದ ತೊಟ್ಟಿಗಳಿವು. ಒಂದು ಕಾಲಕ್ಕೆ ಸುಮಾರು 50 ಇದ್ದವೆನ್ನುತ್ತಾರೆ. ಈಗ ಉಳಿದಿರುವುದು 13. ಇವೆಲ್ಲ ತುಂಬಿದರೆ ಸುಮಾರು 2 ಕೋಟಿ ಗ್ಯಾಲನ್ ನೀರು. ಕಲ್ಲುಮಣ್ಣು ಮುಚ್ಚಿ ಮರೆತುಹೋಗಿದ್ದ ಇವನ್ನು 1850ರ ದಶಕದಲ್ಲಿ ಪ್ಲೇಫೇರ್ ಎಂಬ ಬ್ರಿಟಿಷ್ ಅಧಿಕಾರಿ ಶುಚಿಗೊಳಿಸಿದ. ಆದರೆ ಸುರಿಯುವ ಮಳೆಯೇ ಅಪರೂಪ. ಅಷ್ಟು ದೂರ ಹೋದ ಪ್ರಯಾಣಿಕನಿಗೆ ಸಾಮಾನ್ಯವಾಗಿ ಕಾಣುತ್ತಿದ್ದುದು ಒಣಗಿದ ತೊಟ್ಟಿ. ಊರಿನ ಜನಕ್ಕೆ, ಅಲ್ಲಿದ್ದ ಸೈನ್ಯಕ್ಕೆ ಸಮುದ್ರದ ನೀರನ್ನು ಕುದಿಸಿ, ಆವಿ ತಣಿಸಿ ಹಂಚಬೇಕಾಗಿತ್ತು. ಹಡಗಿನವರು ಫೋಟೋ ತೆಗೆಸಿಕೊಂಡು ಸೀಟಿ ಕೇಳುತ್ತಲೇ ಹಿಂದಿರುಗುತ್ತಿದ್ದರು. ನೀರಿನ ಚಿಂತೆ ಊರಿನವರಿಗೆ.

ಆ ಚಿಂತೆಯನ್ನು ಹೊತ್ತು ಅಲ್ಲಿಗೆ ಹೋದವರು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ್ದ ಅವರನ್ನು 1906ರಲ್ಲಿ ಏಡನ್ನಿನ ನೀರು ಪೂರೈಕೆ ಮತ್ತು ಚರಂಡಿ ವ್ಯವಸ್ಥೆಯ ಅಧ್ಯಯನಕ್ಕೆ ಕಳುಹಿಸಲಾಯಿತು. ತೊಟ್ಟಿ ನೋಡಿ ಮರಳುವ ಭೇಟಿ ಅವರದಾಗಿರಲಿಲ್ಲ. ಊರಿನೊಳಗೆ ಮಳೆ ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿದೆ ಎಂಬುದು ಅವರು ಹಿಡಿದ ದಾರಿ. ಏಡನ್ನಿಗೆ ಸುಮಾರು 60 ಮೈಲಿ ದೂರದ ಬೆಟ್ಟಗಳಲ್ಲಿ ಮಳೆ ಚೆನ್ನಾಗಿ ಬೀಳುತ್ತದೆ. ಆ ನೀರು ಹರಿದು ಬರುತ್ತ ಮರಳಿನಲ್ಲಿ ಇಂಗುತ್ತದೆ. ಏಡನ್ನಿನಿಂದ 18 ಮೈಲಿ ಉತ್ತರಕ್ಕಿರುವ ಲಾಹೆಜ್ ಬಳಿ, ಹೊಳೆಯ ಪಾತ್ರದಲ್ಲಿ ಬಾವಿ ತೋಡಿ ಆ ನೀರನ್ನು ಎತ್ತಿ ಊರಿಗೆ ತರಬಹುದೆಂಬುದು ಅವರ ಸಲಹೆ. ಮರಳೇ ಸೋಸುವ ಜರಡಿ. ಇದಕ್ಕೆ ಹತ್ತು ವರ್ಷ ಮೊದಲು ಸಿಂಧ್ ಪ್ರಾಂತದ ಸುಕ್ಕೂರಿನಲ್ಲಿ ಸಿಂಧೂ ನದಿಯ ಕೆಸರುನೀರಿಗೂ ಅವರು ಇಂಥದೇ ಉಪಾಯ ಹೂಡಿದ್ದರು.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದವರಿಗೆ ಈ ಯೋಚನೆ ಹೊಸದಾಗಿರಲಾರದು. ಮುದ್ದೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪೆನ್ನಾರ್, ಪಾಲಾರ್‌ಗಳ ಮೂಲ ಈ ಭಾಗದಲ್ಲೇ ಇದ್ದರೂ ಇಲ್ಲಿನವರು ಬದುಕಿದ್ದು ಕೆರೆ ಕಟ್ಟಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಏಡನ್ನಿನ ತೊಟ್ಟಿಗಳ ಲೆಕ್ಕವೂ ಅದೇ, ಒಂದು ಕಲ್ಲಿನದು, ಇನ್ನೊಂದು ಮಣ್ಣಿನ ಏರಿಯದು. ವಿಶ್ವೇಶ್ವರಯ್ಯನವರ ಹೆಸರು ಕನ್ನಂಬಾಡಿಯೊಂದಿಗೆ ಬೆಸೆದುಕೊಂಡಷ್ಟು ಈ ಸಣ್ಣ ಯೋಜನೆಗಳೊಂದಿಗೆ ಬೆಸೆದುಕೊಂಡಿಲ್ಲ. ಅಣೆಕಟ್ಟು ಕಣ್ಣಿಗೆ ಕಾಣುತ್ತದೆ, ಮರಳಿನಡಿಯ ಬಾವಿ ಕಾಣುವುದಿಲ್ಲ.

ಮುಂದೆ ಹಡಗುಗಳೇ ಬರುವುದು ಕಡಿಮೆಯಾಯಿತು. ಯುರೋಪಿಗೆ ಹೋಗುವವರನ್ನು ವಿಮಾನ ಸೆಳೆದುಕೊಂಡಿತು. 1967ರ ಜೂನ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿ 1975ರಲ್ಲಷ್ಟೇ ಮತ್ತೆ ತೆರೆಯಿತು. ಅದೇ 1967ರ ನವೆಂಬರಿನಲ್ಲಿ ಬ್ರಿಟಿಷರೂ ಏಡನ್ ಬಿಟ್ಟರು. ಬಂದರಿನ ಅಂಗಡಿಗಳಿಗೆ ಗಿರಾಕಿಗಳಿಲ್ಲದಾದರು. ಊರಿನ ನೀರು ಮಾತ್ರ ಇಂದಿಗೂ ಲಾಹೆಜ್, ಅಬ್ಯನ್ ಕಡೆಯ ಹೊಳೆಬಯಲಿನ ಅಂತರ್ಜಲವನ್ನೇ ನೆಚ್ಚಿಕೊಂಡಿದೆ. ಇಂಗುವುದಕ್ಕಿಂತ ಎತ್ತುವುದೇ ಹೆಚ್ಚಾಗಿ ಆ ಬಾವಿಗಳ ಮಟ್ಟ ಇಳಿಯುತ್ತಿದೆ.

ಇತ್ತ ಚಿಕ್ಕಬಳ್ಳಾಪುರ ಜಿಲ್ಲೆಯ ಕೊಳವೆಬಾವಿಗಳ ಕಥೆಯೂ ಭಿನ್ನವಲ್ಲ. ಕೆರೆಗಳು ಬತ್ತಿ, ಜನ ಸಾವಿರ ಅಡಿಯನ್ನೂ ಮೀರಿ ಕೊರೆದಾಗಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಚರಂಡಿ ನೀರನ್ನು ಸಂಸ್ಕರಿಸಿ, ಅಂತರ್ಜಲ ಏರಲೆಂದು ಕೊಳವೆಯಲ್ಲಿ ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಹೀಗೆ ನೀರು ಬಂದ ಕೆರೆಗಳಲ್ಲಿ ಒಂದು ಕಂದವಾರ ಕೆರೆ. ಆ ನೀರು ಎಷ್ಟು ಶುದ್ಧ, ಇನ್ನೊಂದು ಹಂತ ಸೋಸಬೇಕೇ ಎಂಬ ವಾದ ಜಿಲ್ಲೆಯ ರೈತರು ಮತ್ತು ಸರ್ಕಾರದ ನಡುವೆ ಇನ್ನೂ ಮುಗಿದಿಲ್ಲ.