ಮಗ್ಗದ ಮುಂದೆ ಒಂದು ಪ್ರಶ್ನೆ



ಬಾಗಲಕೋಟೆ ಜಿಲ್ಲೆಯ ಗುಡೂರಿನಲ್ಲಿ ನೇಕಾರರೊಬ್ಬರ ಮನೆಗೆ ಬಂದಿದ್ದೀರಿ ಎಂದುಕೊಳ್ಳಿ. ಇದು ಇಳಕಲ್ ಸೀರೆಯ ಸೀಮೆ. ಐವತ್ತು ದಾಟಿದ ಆ ಹಿರಿಯರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದಾರೆ. ಕಾಲು ಹಲಗೆಯನ್ನು ತುಳಿದಾಗ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಒಂದು ಕೈ ಹಗ್ಗ ಜಗ್ಗಿ ಲಾಳಿಯನ್ನು ಓಡಿಸುತ್ತದೆ. ಇನ್ನೊಂದು ಕೈ ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಈಗ ಇವರ ಎಡಗೈ, ಎಡಗಾಲಿಗೆ ಲಕ್ವ ಹೊಡೆಯಿತೆಂದು ಭಾವಿಸಿ. ವೈದ್ಯರು ಜೀವ ಉಳಿಸಿ ಮನೆಗೆ ಕಳಿಸಿದರು. ಮುಂದೇನು?

ಈ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆಯೇ ಆಕ್ಯುಪೇಷನಲ್ ಥೆರಪಿ. ಆಕ್ಯುಪೇಷನ್ ಎಂದರೆ ಇಲ್ಲಿ ಸಂಬಳದ ಕೆಲಸ ಮಾತ್ರವಲ್ಲ. ಸ್ನಾನ ಮಾಡುವುದು, ಅಂಗಿಯ ಗುಂಡಿ ಹಾಕುವುದು, ರೊಟ್ಟಿ ಮುರಿದು ತಿನ್ನುವುದು, ಹೀಗೆ ನಮ್ಮ ದಿನವನ್ನು ತುಂಬುವ ಎಲ್ಲವೂ ಸೇರುತ್ತದೆ.

1917ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಈ ವೃತ್ತಿಯ ಮೊದಲ ಸಂಘ ಹುಟ್ಟಿತು. ಅದನ್ನು ಕಟ್ಟಿದವರಲ್ಲೊಬ್ಬರಾದ ಜಾರ್ಜ್ ಬಾರ್ಟನ್ ವೈದ್ಯರಲ್ಲ, ವಾಸ್ತುಶಿಲ್ಪಿ. ಎಡಭಾಗದ ಸ್ವಾಧೀನ ತಪ್ಪಿದ್ದ ಅವರು ತೋಟಗೆಲಸ, ಮರಗೆಲಸ ಮಾಡುತ್ತ ಚೇತರಿಸಿಕೊಂಡಿದ್ದರು. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ನೇಯ್ಗೆ, ಬುಟ್ಟಿ ಹೆಣಿಗೆಗಳೇ ಚಿಕಿತ್ಸೆಯಾದವು. ನಮ್ಮಲ್ಲಿ, ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಮೊದಲ ಶಾಲೆ ತೆರೆದರು. 1952ರಲ್ಲಿ ವಿಶ್ವ ಒಕ್ಕೂಟ ರೂಪುಗೊಂಡಾಗ ಅದರ 10 ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಇಂದು ನಮ್ಮ ಮಣಿಪಾಲದಲ್ಲಿಯೂ ಈ ಶಿಕ್ಷಣ ದೊರೆಯುತ್ತದೆ.

ಆದರೆ ಎಲ್ಲ ರೋಗಿಗಳಿಗೂ ಒಂದೇ ಮಗ್ಗ, ಒಂದೇ ಬುಟ್ಟಿ ಸಾಕೇ? ಸಾಲದು. ಯಾರಿಗೆ ಯಾವ ಕೆಲಸ, ಏಕೆ, ಯಾವಾಗ ಎಂದು ಚಿಕಿತ್ಸಕರು ಹೇಗೆ ನಿರ್ಧರಿಸುತ್ತಾರೆ? 1983ರಲ್ಲಿ ಜೋನ್ ರೋಜರ್ಸ್ ಈ ವಿಚಾರಕ್ರಮವನ್ನೇ ತಮ್ಮ ಉಪನ್ಯಾಸದ ವಿಷಯವಾಗಿಸಿಕೊಂಡರು. ಅದರಲ್ಲಿ ವಿಜ್ಞಾನ, ನೀತಿ, ಕಲೆ ಮೂರೂ ಇವೆ ಎಂದರು. ಮುಂದೆ ಮಾನವಶಾಸ್ತ್ರಜ್ಞೆ ಶೆರಿಲ್ ಮ್ಯಾಟಿಂಗ್ಲಿ ಮತ್ತು ಮೌರೀನ್ ಫ್ಲೆಮಿಂಗ್ ಚಿಕಿತ್ಸಕರ ಕೆಲಸವನ್ನು ಹತ್ತಿರದಿಂದ ಗಮನಿಸಿ, 1994ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ನುರಿತ ಚಿಕಿತ್ಸಕರ ಮನಸ್ಸಿನಲ್ಲಿ ಹಲವು ವಿಚಾರಗಳು ಒಟ್ಟೊಟ್ಟಿಗೆ ನಡೆಯುತ್ತವೆ: ರೋಗದ ಬಗ್ಗೆ ಒಂದು, ಎದುರಿಗಿರುವ ವ್ಯಕ್ತಿಯ ಬಗ್ಗೆ ಒಂದು, ಅವರ ನಾಳಿನ ಬದುಕಿನ ಬಗ್ಗೆ ಇನ್ನೊಂದು.

ಈಗ ಗುಡೂರಿಗೆ ಮರಳೋಣ. ಮೊದಲ ವಿಚಾರ: ಎಡಗೈಯಲ್ಲಿ ಬಲವೆಷ್ಟು? ಕುಣಿಯ ಅಂಚಿನಲ್ಲಿ ವಾಲದೆ ಕೂರಬಲ್ಲರೇ? ಎರಡನೆಯದನ್ನು ಅವರನ್ನೇ ಕೇಳಬೇಕು: "ಕಾಕಾ, ನಿಮಗ ಮೊದಲು ಯಾವ ಕೆಲಸ ಮಾಡಬೇಕನಸ್ತದ?" ಉತ್ತರ ಮಗ್ಗವೇ ಆಗಬೇಕೆಂದಿಲ್ಲ, ಯಾರ ಕೈಯೂ ಹಿಡಿಯದೆ ಬಚ್ಚಲಿಗೆ ಹೋಗುವುದೇ ಅವರ ಮೊದಲ ಆಸೆಯಾಗಿರಬಹುದು. ಮೂರನೆಯದು: ಮುಂದಿನ ವರ್ಷ ಈ ಮನೆ ಹೇಗೆ ನಡೆಯಬೇಕು? ಆಸ್ಪತ್ರೆಯ ಮಗ್ಗದಲ್ಲಿ ಎಳೆ ತಪ್ಪಿದರೆ ಬಿಚ್ಚಿ ನೇಯಬಹುದು. ಇಲ್ಲಿ ಎಳೆ ತಪ್ಪಿದರೆ ಕೂಲಿಗೇ ಕುತ್ತು.

ಹಾಗಾದರೆ ಕಂಡಿಕೆ ಸುತ್ತುವುದರಿಂದ ಆರಂಭಿಸೋಣವೇ? ಬಲಗೈ ರಾಟಿ ತಿರುಗಿಸುತ್ತದೆ, ಎಡಗೈ ನೂಲು ಹಿಡಿಯುವುದನ್ನು ಮತ್ತೆ ಕಲಿಯುತ್ತದೆ. ಲೆಕ್ಕ ಸರಿಯಾಗಿದೆ. ಆದರೆ ಜೀವಮಾನವೆಲ್ಲ ಸೀರೆ ನೇಯ್ದವರು "ಇದು ಹೆಂಗಸರ ಕೆಲಸ" ಎಂದು ಮುಖ ತಿರುಗಿಸಿದರೆ? ಅವರನ್ನು ಹಟಮಾರಿ ಎನ್ನುವಂತಿಲ್ಲ, ಯೋಜನೆಯನ್ನೇ ಬದಲಿಸಬೇಕು. ಬೆನ್ನಿಗೆ ಆಸರೆ ಕೊಟ್ಟು, ಕೂರುವ ಜಾಗವನ್ನು ತುಸು ಎತ್ತರಿಸಿ, ಮಗ್ಗದ ಮುಂದೆಯೇ ದಿನಕ್ಕೆ ಸ್ವಲ್ಪ ಹೊತ್ತಿನ ಅಭ್ಯಾಸದಿಂದ ತೊಡಗಬೇಕಾದೀತು. ಅದೂ ಹೊಂದದಿದ್ದರೆ ಮತ್ತೊಂದು ದಾರಿ.

ಪ್ರಯೋಗಶಾಲೆಯಲ್ಲಿ ನೀವು ಮಾಡುವುದೂ ಇದನ್ನೇ: ಊಹೆ, ಪರೀಕ್ಷೆ, ತಿದ್ದುಪಡಿ. ವ್ಯತ್ಯಾಸ ಒಂದೇ. ಪರೀಕ್ಷಾನಳಿಕೆ ತನಗೇನು ಬೇಕೆಂದು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ. ನಿಮ್ಮ ಓಣಿಯಲ್ಲಿ ಕಾಯಿಲೆಯಿಂದ ಮೂಲೆ ಹಿಡಿದ ಹಿರಿಯರಿದ್ದರೆ, "ಹೇಗಿದ್ದೀರಿ?" ಎಂದಷ್ಟೇ ಕೇಳಿ ಬರಬೇಡಿ. "ಏನು ಮಾಡಬೇಕೆನಿಸುತ್ತದೆ?" ಎಂದೂ ಕೇಳಿ.